ಡ್ಯೂಕನ ಹೆಂಡತಿಯ ತವರು

ಜನವರಿ ಮೂವತ್ತೊಂದರ ಮಧ್ಯಾಹ್ನ ಮೂರು ಗಂಟೆಗೆ ಐರ್ಲೆಂಡಿನ ಆಡಮ್ಸ್‌ಟೌನಿನ ನಮ್ಮ ಮನೆಗಳ ಸಾಲಿನಲ್ಲಿ ಕರೆಂಟು ಹೋಯಿತು. ಬಿರುಗಾಳಿ ಬರುತ್ತದೆಂದು ಎರಡು ದಿನದಿಂದ ಹೇಳುತ್ತಲೇ ಇದ್ದರು. ಶಾಲೆಗಳಿಗೆ ರಜೆ ಕೊಟ್ಟಾಗಿತ್ತು, ನಾನೂ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ನಮ್ಮ ಹೊಸ ಮನೆಗಳೆಲ್ಲ ಕರೆಂಟಿನಿಂದಲೇ ಬೆಚ್ಚಗಿರುವಂಥವು. ಅರ್ಧ ಗಂಟೆಯಲ್ಲಿ ಗೋಡೆಗಳೆಲ್ಲ ತಣ್ಣಗಾದವು. ಪಕ್ಕದ ಮನೆಯ ರತ್ನಕ್ಕ ಫೋನು ಮಾಡಿದರು. ಅವರ ಗಂಡ ಡಾಕ್ಟರ್ ಮಧುಸೂದನ ಆಸ್ಪತ್ರೆಯಲ್ಲೇ ಎರಡನೆಯ ಪಾಳಿಗೂ ಉಳಿದುಕೊಂಡಿದ್ದರು, ಮನೆಯಲ್ಲಿ ಅವರೂ ಅವರ ಹನ್ನೊಂದು ವರ್ಷದ ಮಗಳು ಅದಿತಿಯೂ ಇಬ್ಬರೇ.

“ನಿಸರ್ಗಾ, ಲೂಕನ್‌ಗೆ ಹೋಗೋಣ ಬಾರೇ, ದ್ರಾಕ್ಷಾಯಿಣಮ್ಮನ ಮನೇಲಿ ಬೆಂಕಿಗೂಡಿದೆ. ಇಲ್ಲಿದ್ರೆ ಐಸ್‌ಕ್ರೀಮ್ ಆಗ್ತೀವಿ.”

ದ್ರಾಕ್ಷಾಯಿಣಮ್ಮ ಎಪ್ಪತ್ತು ದಾಟಿದವರು. ಐರ್ಲೆಂಡಿಗೆ ಬಂದು ನಲವತ್ತೈದು ವರ್ಷಕ್ಕೂ ಮೇಲಾಗಿದೆ. ನಾವೆಲ್ಲ ಇಲ್ಲಿಗೆ ಬಂದಿಳಿಯುವ ಹೊತ್ತಿಗೆ ಅವರು ಆಗಲೇ ಇಲ್ಲಿನ ಹಳೆಯ ಮರದಂತೆ ಬೇರೂರಿದ್ದರು. ಹೊಸದಾಗಿ ಬಂದವರಿಗೆ ಮೊದಲ ಊಟ ಅವರ ಮನೆಯಲ್ಲೇ. ಕಳೆದ ಸೆಪ್ಟೆಂಬರಿನಲ್ಲಿ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ಆಮೇಲೆ ಅವರನ್ನು ನೋಡಲು ನಾನು ಭಾನುವಾರಗಳಲ್ಲಿ ಹೋಗುತ್ತಿದ್ದೆ, ಅವರು ಕತೆ ಹೇಳುತ್ತಿದ್ದರು. ನನ್ನನ್ನು ಬೆಳೆಸಿದ ಅಜ್ಜಿ ಬಸಲಿಂಗಮ್ಮ ಹೀಗೆಯೇ ಕತೆ ಹೇಳುತ್ತಲೇ ತಲೆ ಬಾಚುತ್ತಿದ್ದಳು. ಕತೆ ಮುಗಿಯದಿದ್ದರೆ ಜಡೆಯೂ ಮುಗಿಯುತ್ತಿರಲಿಲ್ಲ. ಬಹುಶಃ ಆ ಜಡೆಗಾಗಿಯೇ ನಾನು ದ್ರಾಕ್ಷಾಯಿಣಮ್ಮನ ಮನೆಗೆ ಹೋಗುತ್ತಿದ್ದೆನೇನೋ.

ಅಲ್ಲೂ ಕರೆಂಟಿರಲಿಲ್ಲ. ನಾವು ತಲುಪಿದಾಗ ಅವರು ಬೆಂಕಿಯ ಮುಂದೆ ಕುರ್ಚಿಯಲ್ಲಿ ಕೂತಿದ್ದರು. ಎದುರಿನ ಮಣೆಯ ಮೇಲೆ ಒಂದು ತಟ್ಟೆ. ಅದರಲ್ಲಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಅರಿಷಿಣದ ಕೊಂಬು, ಬೆಲ್ಲದ ಚೂರು, ಮಡಚಿಟ್ಟ ಹಸಿರು ಖಣ, ಕುಂಕುಮದ ಭರಣಿ.

“ಯಾರಿಗಮ್ಮ ಉಡಿ?” ಎಂದರು ರತ್ನಕ್ಕ. “ಈ ಮಳೇಲಿ ಯಾವ ಮಗಳು ಬರ್ತಾಳೆ ನಿಮಗೆ?”

ದ್ರಾಕ್ಷಾಯಿಣಮ್ಮನಿಗೆ ಮಕ್ಕಳಿಲ್ಲ. ಕೇಳಿದ ಮೇಲೆ ರತ್ನಕ್ಕ ನಾಲಿಗೆ ಕಚ್ಚಿಕೊಂಡರು. ಆದರೆ ದ್ರಾಕ್ಷಾಯಿಣಮ್ಮ ನೊಂದುಕೊಳ್ಳಲಿಲ್ಲ. ಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

“ಬರ್ತಾಳೆ. ಕತ್ತಲಾಗೋ ಹೊತ್ತಿಗೆ ಬರ್ತಾಳೆ. ಐದು ಬೊಗಸೆ ಅಕ್ಕಿ ಹಾಕಿ ಉಡಿ ತುಂಬಬೇಕು ಅವಳಿಗೆ. ನನ್ನ ಕೈ ನೋಡ್ತಿದೀರಲ್ಲ... ಒಂದು ಕೈಲಿ ಬೊಗಸೆ ಆಗುತ್ತಾ? ಬೆಳಗ್ಗಿಂದ ಅದೇ ಚಿಂತೆ ಮಾಡ್ತಾ ಕೂತಿದ್ದೆ. ಬಾಗಿಲು ತೆಗೆದು, ನನ್ನ ಬದಲು ಅವಳಿಗೆ ಉಡಿ ತುಂಬೋಕೆ ನಿಮ್ಮಲ್ಲಿ ಯಾರಾದ್ರೂ ಒಬ್ಬಳು ಬೇಕು. ಆದ್ರೆ ಯಾರಿಗೆ ಅಂತ ಗೊತ್ತಿಲ್ದೆ ತುಂಬಬಾರ್ದು. ನಾನು ಹಂಗೇ ತುಂಬಿದ್ದೆ... ಅದನ್ನೇ ಹೇಳ್ತೀನಿ, ಕೂತ್ಕಳಿ.”

“ಹೂ ಈಸ್ ಶೀ, ಅಜ್ಜಿ?” ಎಂದಳು ಅದಿತಿ.

“ಡ್ಯೂಕನ ಹೆಂಡ್ತಿ ಕಣಮ್ಮ.”

ರತ್ನಕ್ಕನಿಗೆ ನಗು ಬಂತು. ಕಿಟಕಿಯ ಗಾಜಿಗೆ ಮಳೆ ರಪ್ಪನೆ ಬಡಿಯಿತು. ನಾನು ಬೆಂಕಿಗೆ ಎರಡು ತುಂಡು ಕಟ್ಟಿಗೆ ಹಾಕಿ ಅವರ ಕಾಲ ಬಳಿ ಕೂತೆ. ಗಂಟೆ ನಾಲ್ಕಾಗಿತ್ತು, ಕತ್ತಲಾಗಲು ಇನ್ನೊಂದು ಗಂಟೆಯಿತ್ತು. ದ್ರಾಕ್ಷಾಯಿಣಮ್ಮ ಶುರು ಮಾಡಿದರು.

“ನಾವು ಈ ದೇಶಕ್ಕೆ ಬಂದಿದ್ದು ಎಪ್ಪತ್ತೊಂಬತ್ತರಲ್ಲಿ. ನಮ್ಮನೆಯೋರು, ಡಾಕ್ಟ್ರು ಸತ್ಯಪ್ರಕಾಶ್‌ಗೆ ಕ್ಯಾಹರ್‌ಲೀನ ಅನ್ನೋ ಊರಿನ ಆಸ್ಪತ್ರೇಲಿ ಆಪರೇಷನ್ ಮಾಡೋ ಕೆಲಸ ಸಿಕ್ಕಿತ್ತು. ಕಾರ್ಕ್ ಕಡೆ ಅದು, ಸಮುದ್ರದ ದಂಡೆ ಮೇಲೆ. ಊರು ಅಂದ್ರೆ ಎಂಥ ಊರು... ಒಂದು ಬೀದಿ, ಎರಡು ಚರ್ಚು, ಒಂಬತ್ತು ಪಬ್ಬು. ನಾನು ದಾವಣಗೆರೆ ಪೇಟೇಲಿ ಮಂಡಿ ಗಲಾಟೆ ಕೇಳಿ ಬೆಳೆದೋಳು. ಇಲ್ಲಿ ಮಧ್ಯಾಹ್ನ ಬಾಗಿಲು ತೆಗೆದು ನಿಂತ್ರೆ ಕೇಳೋದು ಸಮುದ್ರ ಒಂದೇ. ಊರ ತುದೀಲಿ ಒಂದು ಕಲ್ಲಿನ ಗೋಪುರ ಇತ್ತು, ಮೇಲಿನ ಅರ್ಧ ಬಿದ್ದೋಗಿತ್ತು, ಒಳಗೆ ಕಾಗೆ ಗೂಡು. ಯಾರದ್ದೋ ಹಳೇ ಕೋಟೆ ಅಂತಿದ್ರು. ನಾನೇನು ಕೇಳಕ್ಕೆ ಹೋಗಿರಲಿಲ್ಲ. ನನಗೆ ನನ್ನ ಚಿಂತೆ... ಮದುವೆ ಆಗಿ ಎಂಟು ತಿಂಗಳು, ತವರಿಂದ ಕಾಗದ ಬರೋಕೆ ಮೂರು ವಾರ. ನಮ್ಮವ್ವ ಕಳಿಸೋವಾಗ ಟ್ರಂಕಲ್ಲಿ ಐದು ಸೇರು ಅಕ್ಕಿ, ಎರಡು ಖಣ, ಕೊಬ್ಬರಿ ಬಟ್ಟಲು ಎಲ್ಲ ಇಟ್ಟಿದ್ಲು. ‘ಅಲ್ಲಿ ಯಾರಾದ್ರೂ ಹೆಣ್ಮಗಳು ಮನೆಗೆ ಬಂದ್ರೆ ಬರಿ ಉಡೀಲಿ ಕಳಿಸಬ್ಯಾಡ’ ಅಂದಿದ್ಲು. ಯಾರು ಬರ್ತಾರೆ? ಆ ಟ್ರಂಕು ತೆಗೆದು ಅಕ್ಕಿ ವಾಸನೆ ನೋಡೋದು, ಮುಚ್ಚೋದು... ಅಷ್ಟೇ ನನ್ನ ಕೆಲಸ.

“ಪಕ್ಕದ ಮನೇಲಿ ನೊರೀನ್ ಅಂತ ಇದ್ಲು. ವಯಸ್ಸಾದೋಳು, ಕೋಳಿ ಸಾಕಿದ್ಲು. ಅವಳು ಒಂದಿನ ಮೊಟ್ಟೆ ಕೊಡಕ್ಕೆ ಬಂದು ಹೇಳಿದ್ಲು, ‘ನಾಳೆ ನಮ್ಮ ಸಂತ ಬ್ರಿಜಿಡ್ ಹಬ್ಬ. ಇವತ್ತು ಸಂಜೆ ಒಬ್ಬ ಹುಡುಗಿ ಜೊಂಡುಹುಲ್ಲು ಹಿಡ್ಕೊಂಡು ಬಂದು ಬಾಗಿಲು ತಟ್ತಾಳೆ. ಅವಳೇ ಬ್ರಿಜಿಡ್ ಅಂತ ಲೆಕ್ಕ. ಮೂರು ಸಲ ತಟ್ತಾಳೆ, ನೀನು ಮೂರು ಸಲ ಒಳಗೆ ಬಾ ಅನ್ನು, ಏನಾದ್ರೂ ಕೊಟ್ಟು ಕಳಿಸು.’ ನನಗೆ ಎಷ್ಟು ಖುಷಿ ಆಯ್ತು ಅಂತೀರ... ಅಂದ್ರೆ ಇದು ಇವರ ಗೌರಿ ಹಬ್ಬ. ಮನೆ ಸಾರಿಸೋ ಹಂಗಿಲ್ಲ, ಕಾರ್ಪೆಟ್ಟು. ಗುಡಿಸಿದೆ. ಹೊಸಿಲಿಗೆ ಮೈದಾಹಿಟ್ಟಲ್ಲಿ ರಂಗೋಲಿ ಎಳೆದೆ, ಗಾಳಿ ಹೊಡ್ಕೊಂಡು ಹೋಯ್ತು. ರೇಷ್ಮೆ ಸೀರೆ ಉಟ್ಟು ಕಾಯ್ತಾ ಕೂತೆ.

“ಐದು ಗಂಟೆ ಇರಬೇಕು. ಟಕ್ ಅಂತು. ‘ಬಾರಮ್ಮ’ ಅಂದೆ. ಮತ್ತೆ ಟಕ್. ‘ಒಳಗೆ ಬಾ’ ಅಂದೆ. ಮೂರನೇ ಸಲ ಅನ್ನೋಷ್ಟೊತ್ತಿಗೆ ನಾನೇ ಹೋಗಿ ಬಾಗಿಲು ತೆಗೆದೆ.

“ಹುಡುಗಿ ಅಲ್ಲ. ನಲವತ್ತೈದು ಐವತ್ತರ ಹೆಂಗಸು. ಉದ್ದದ ಕಪ್ಪು ಬಟ್ಟೆ, ನೆಲ ಮುಟ್ಟೋ ಅಷ್ಟು, ಪೂರ್ತಿ ನೆಂದಿತ್ತು. ತಲೆ ಮುಚ್ಚಿಕೊಂಡು ಗಲ್ಲದ ಕೆಳಗೆ ಬಿಳಿ ಬಟ್ಟೆ ಕಟ್ಟಿದ್ಲು, ಮಡಿಕೆ ಮಡಿಕೆಯಾಗಿ. ಚಳಿಗೆ ಕಟ್ಟಿದಾಳೆ ಅಂದ್ಕೊಂಡೆ, ಇಲ್ಲಾಂದ್ರೆ ಆಸ್ಪತ್ರೆಯ ಸನ್ಯಾಸಿನಿ ಸಿಸ್ಟರ್‌ಗಳ ಪೈಕಿ ಯಾರೋ. ಹುಡುಗೀರು ಸಿಕ್ಕಿಲ್ಲ, ದೊಡ್ಡೋರನ್ನ ಕಳಿಸಿದಾರೆ, ಪಾಪ. ಕೈಲಿ ಜೊಂಡುಹುಲ್ಲೂ ಇರಲಿಲ್ಲ. ಬಂದೋಳು ಸೋಫಾ ಮೇಲೆ ಕೂರಲಿಲ್ಲ, ಬೆಂಕಿ ಮುಂದೆ ನೆಲದ ಮೇಲೆ ಕೂತ್ಲು. ಕೂತು ಗೋಡೆ ನೋಡಿದ್ಲು, ಸೂರು ನೋಡಿದ್ಲು, ನನ್ನ ಮುಖ ನೋಡಿದ್ಲು... ತವರಿಗೆ ಬಂದ ಮಗಳು ನೋಡಲ್ವಾ, ಯಾವ ಪಾತ್ರೆ ಎಲ್ಲಿತ್ತು, ಯಾವುದು ಹೋಯ್ತು ಅಂತ? ಹಂಗೆ. ಏನೋ ಅಂದ್ಲು. ಇಂಗ್ಲಿಷ್ ಅಲ್ಲ ಅದು. ನನಗೆ ಒಂದಕ್ಷರ ತಿಳೀಲಿಲ್ಲ. ನಾನು ಕನ್ನಡದಲ್ಲೇ ‘ಕಾಫಿ ಕುಡೀತೀಯೇನವ್ವ’ ಅಂದೆ. ಲೋಟ ಕೊಟ್ಟೆ, ಹಿಡ್ಕೊಂಡ್ಲು, ಕುಡೀಲಿಲ್ಲ. ಹೊರಡೋಕೆ ಎದ್ದಾಗ ನಮ್ಮವ್ವ ಹೇಳಿದ್ದು ನೆನಪಾಯ್ತು. ಬರಿ ಉಡೀಲಿ ಹೆಂಗೆ ಕಳಿಸಲಿ?

“ಕುಂಕುಮ ಇಟ್ಟೆ. ಹಣೆ ತಣ್ಣಗಿತ್ತು, ಹೊರಗೆ ನಿಲ್ಸಿದ ಕಾರಿನ ಗಾಜು ಮುಟ್ಟಿದಂಗೆ. ಖಣ ಇಟ್ಟೆ, ಕೊಬ್ಬರಿ ಇಟ್ಟೆ, ಐದು ಬೊಗಸೆ ಅಕ್ಕಿ ಹಾಕಿದೆ. ನಾನು ಹೇಳಿಕೊಡಲಿಲ್ಲ ಕಣ್ರವ್ವ, ಅವಳೇ ಆ ನೆಂದ ಬಟ್ಟೆ ಮುಂದಿನ ಸೆರಗು ಎತ್ತಿ ಹಿಡಿದ್ಲು. ಆಮೇಲೆ ಆ ಉಡಿಯಿಂದ ಒಂದು ಹಿಡಿ ತೆಗೆದು ನನ್ನ ತಟ್ಟೆಗೆ ವಾಪಸ್ ಹಾಕಿದ್ಲು. ನಮ್ಮಲ್ಲಿ ಮಗಳು ಹಂಗೆ ಹಾಕ್ತಾಳೆ, ತವರು ತುಂಬಿರಲಿ ಅಂತ. ಇವಳಿಗೆ ಯಾರು ಹೇಳಿಕೊಟ್ರು?”

ಅದಿತಿ ತಾಯಿಯ ತೋಳಿಗೆ ಒತ್ತಿಕೊಂಡು ಕೂತಿದ್ದಳು.

“ಅವಳಿಗೆ ಸೋನಾ ಮಸೂರಿ ಆಗುತ್ತಾ ಅಮ್ಮ?” ಎಂದರು ರತ್ನಕ್ಕ, ನಗಿಸುವ ದನಿಯಲ್ಲಿ. “ಡ್ಯೂಕನ ಹೆಂಡ್ತಿಗೆ ಬಾಸ್ಮತಿನಾದ್ರೂ ಕೊಡಬಾರ್ದಾ?”

“ಒಂದು ವರ್ಷ ಕೊಟ್ಟಿದ್ದೆ. ಅವಳಿಗೆ ಸೇರಲಿಲ್ಲ,” ಎಂದರು ದ್ರಾಕ್ಷಾಯಿಣಮ್ಮ, ನಗದೆ. ರತ್ನಕ್ಕ ಮತ್ತೆ ತಮಾಷೆ ಮಾಡಲಿಲ್ಲ.

“ಮಾರನೇ ದಿನ ನೊರೀನ್ ಬಂದ್ಲು, ಕಾರ್ಪೆಟ್ ಮೇಲೆ ಬಿಳಿ ಬಿಳಿ ಕಲೆ ನೋಡಿದ್ಲು. ಬಗ್ಗಿ ಬೆರಳಿಂದ ಮುಟ್ಟಿ ನಾಲಿಗೆಗೆ ಇಟ್ಕೊಂಡ್ಲು... ಉಪ್ಪು. ‘ಕಪ್ಪು ಬಟ್ಟೆ ಇತ್ತಾ? ಗಲ್ಲದ ಕೆಳಗೆ ಬಿಳಿ ಬಟ್ಟೆ?’ ಅಂದ್ಲು. ಹೂಂ ಅಂದೆ. ಕುರ್ಚಿ ಹಿಡ್ಕೊಂಡು ಕೂತ್ಲು. ‘ಅವಳು ಬ್ರಿಜಿಡ್ ಅಲ್ಲ ಕಣೇ,’ ಅಂದ್ಲು. ‘ಅವಳು ಸೈವ್. ಗೋಪುರದ ಮನೆ ಮಗಳು.’

“ಈಗ ನಾನು ಹೇಳೋದು ನೊರೀನ್ ಹೇಳಿದ್ದು, ಅವಳಿಗೆ ಅವಳಜ್ಜಿ ಹೇಳಿದ್ದು. ಆರು ನೂರು ವರ್ಷ ಆಯ್ತು. ಆ ಗೋಪುರದಲ್ಲಿ ಒಬ್ಬ ಪಾಳೇಗಾರ ಇದ್ದ, ರೇವು ಅವನದ್ದು, ಬಂದ ಹಡಗಿನ ಸುಂಕ ಅವನದ್ದು. ಅವನಿಗೆ ಸೈವ್ ಅನ್ನೋ ಮಗಳು. ಸಮುದ್ರದ ಆಚೆ ದಂಡೇಲಿ ಒಬ್ಬ ಡ್ಯೂಕ್. ರಾಜ ಅಲ್ಲ, ರಾಜನಿಗಿಂತ ಒಂದು ಮೆಟ್ಟಿಲು ಕೆಳಗೆ, ಆದ್ರೆ ಅವನ ನೆಲದಲ್ಲಿ ಅವನದ್ದೇ ಹುಕುಂ. ಅವನಿಗೆ ಈ ರೇವಿನ ಸ್ನೇಹ ಬೇಕಾಗಿತ್ತು, ಇವನಿಗೆ ಅವನ ಸೈನ್ಯದ ಬೆಂಬಲ. ಮಗಳನ್ನ ಕೊಟ್ಟ. ಹದಿನೈದು ವರ್ಷದೋಳು.”

“ಫಿಫ್ಟೀನ್? ದಟ್ಸ್ ಲೈಕ್, ಥರ್ಡ್ ಇಯರ್,” ಎಂದಳು ಅದಿತಿ.

“ಹೂಂ ಕಣಮ್ಮ, ನಿಮ್ಮ ಹೈಸ್ಕೂಲ್ ಥರ್ಡ್ ಇಯರ್ ಹುಡುಗಿ. ಹೋಂವರ್ಕ್ ಮಾಡೋ ವಯಸ್ಸು. ವೈನಿನ ಪೀಪಾಯಿ ಇಳಿಸಿ ಚರ್ಮದ ಮೂಟೆ ತುಂಬ್ಕೊಂಡು ವಾಪಸ್ ಹೋಗೋ ಹಡಗಲ್ಲಿ ಕಳಿಸಿಕೊಟ್ರು, ಜೊತೆಗೆ ಎರಡು ಬೇಟೆನಾಯಿ, ಒಬ್ಬ ಮುದುಕಿ ದಾದಿ. ನಾಯಿ ದಾರೀಲೇ ಸತ್ವು. ದಾದಿ ಎರಡು ಚಳಿಗಾಲ ಬದುಕಿದ್ಲು. ಅಲ್ಲಿಗೆ ಇವಳ ಜೊತೆ ಇವಳ ಭಾಷೆ ಮಾತಾಡೋ ಜೀವ ಒಂದೂ ಉಳೀಲಿಲ್ಲ ಆ ಅರಮನೇಲಿ. ಡ್ಯೂಕ್ ಕೆಟ್ಟೋನಲ್ಲ, ಇವಳಿಗಿಂತ ಇಪ್ಪತ್ತು ವರ್ಷ ದೊಡ್ಡೋನು, ವರ್ಷದಲ್ಲಿ ಆರು ತಿಂಗಳು ಯುದ್ಧ. ಅವನು ಆಚೆ ಹೋದಾಗ ಮುದ್ರೆ ಉಂಗುರ ಇವಳ ಕೈಲಿ. ಶುಕ್ರವಾರ ಶುಕ್ರವಾರ ಕೂತು ನ್ಯಾಯ ಹೇಳ್ತಿದ್ಲು, ಗಡಿ ಜಗಳ, ದನದ ಜಗಳ, ಸೊಸೆ ಅತ್ತೆ ಜಗಳ. ಒಂದು ಚಳಿಗಾಲ ಶತ್ರು ಬಂದು ಊರು ಮುತ್ತಿದಾಗ ಅರಮನೆ ಕಣಜ ತೆಗೆಸಿ, ಊರೋರು ತಿನ್ನೋ ಹೊಟ್ಟಿನ ರೊಟ್ಟೀನೇ ತಾನೂ ತಿಂದು, ತೊಂಬತ್ತು ದಿನ ಬಾಗಿಲು ತೆಗೀದೆ ಹಿಡಿದಿದ್ಲಂತೆ. ಏಳು ಹೆತ್ಲು, ಮೂರು ಉಳಿದ್ವು. ಪ್ರತಿ ಬಾಣಂತನದಲ್ಲೂ ‘ನಮ್ಮೂರಿಗೆ ಹೋಗಿ ಬರ್ತೀನಿ’ ಅನ್ನೋಳು. ಡ್ಯೂಕ್ ಬೇಡ ಅಂತಿರಲಿಲ್ಲ, ‘ಸುಗ್ಗಿ ಆಗಲಿ’ ಅನ್ನೋನು. ಸುಗ್ಗಿ ಆದ್ಮೇಲೆ ‘ಗಾಳಿ ನಿಲ್ಲಲಿ’ ಅನ್ನೋನು. ಡ್ಯೂಕನ ಹೆಂಡ್ತಿ ಸಮುದ್ರದಲ್ಲಿ ಸಿಕ್ಕಿಬಿದ್ರೆ ಶತ್ರುಗಳು ಬಿಡ್ತಾರಾ? ಹಂಗೇ ಸುಗ್ಗಿ, ಗಾಳಿ, ಸುಗ್ಗಿ, ಗಾಳಿ... ಮೂವತ್ತೊಂದು ವರ್ಷ. ಯೋಚನೆ ಮಾಡಿ ನೀವು. ಒಂದು ನಾಡನ್ನೇ ಆಳಿದೋಳು, ತವರಿಗೆ ಹೋಗಿ ಒಂದು ವಾರ ಇದ್ದು ಬರೋಕೆ ಅವಳ ಕೈಲಿ ಆಗಲಿಲ್ಲ.

“ಕೊನೆಗೆ ಡ್ಯೂಕ್ ಸತ್ತ. ಮಗ ಪಟ್ಟಕ್ಕೆ ಬಂದ, ಬೀಗದ ಕೈ ಸೊಸೆ ಸೊಂಟಕ್ಕೆ ಹೋಯ್ತು. ‘ಇನ್ನು ನಾನು ನಮ್ಮನೆಗೆ ಹೋಗ್ತೀನಿ’ ಅಂದ್ಲು ಸೈವ್. ಗಂಡ ಸತ್ತೋರು ಅಲ್ಲಿ ಹಂಗೆ ಬಟ್ಟೆ ಹಾಕ್ತಿದ್ರಂತೆ, ಕಪ್ಪು ನಿಲುವಂಗಿ, ಗಲ್ಲದ ಕೆಳಗೆ ಬಿಳಿ ಬಟ್ಟೆ. ಅದನ್ನ ಹಾಕ್ಕೊಂಡೇ ಹಡಗು ಹತ್ತಿದ್ಲು. ಇಲ್ಲಿ ಅಪ್ಪ ಹೋಗಿದ್ದ, ಅಣ್ಣ ಇದ್ದ. ಅಣ್ಣನಿಗೆ ಸುದ್ದಿ ಹೋಯ್ತು, ನಿನ್ನ ತಂಗಿ ಹಡಗು ತಗೊಂಡು ಬರ್ತಿದಾಳೆ, ಡ್ಯೂಕನ ತಾಯಿ ಈಗ ಅವಳು, ಅಪ್ಪನ ನೆಲದಲ್ಲಿ ಪಾಲು ಕೇಳಕ್ಕೇ ಬರ್ತಿರೋದು ಅಂತ. ಅವಳು ಬಂದು ಇಳಿದಿದ್ದು ಯಾವತ್ತು? ಇವತ್ತು. ಬ್ರಿಜಿಡ್ ಹಬ್ಬದ ಹಿಂದಿನ ಸಂಜೆ. ಗೋಪುರದ ಒಳಗೆ ಎಲ್ಲ ಸೇರಿ ಅದೇ ಶಾಸ್ತ್ರ ಮಾಡ್ತಿದಾರೆ, ‘ಒಳಗೆ ಬಾ, ಒಳಗೆ ಬಾ, ನಿನ್ನದೇ ಮನೆ’ ಅಂತ ದೇವತೇನ ಕರೀತಿದಾರೆ... ಆಗ ಹೊರಗಿಂದ ಇವಳು ತಟ್ಟಿದಾಳೆ. ಒಳಗೆ ಎಲ್ಲ ಸುಮ್ಮನಾದ್ರಂತೆ. ಮೂರು ಸಲ ತಟ್ಟಿದ್ಲಂತೆ, ಹೆಸರು ಹೇಳಿದ್ಲಂತೆ. ಅಣ್ಣನೇ ಬಂದು ಅಗುಳಿ ಮೇಲೆ ಕೈ ಇಟ್ಕೊಂಡು ನಿಂತನಂತೆ, ತೆಗೆಯಕ್ಕಲ್ಲ, ಯಾರೂ ತೆಗೀಬಾರ್ದು ಅಂತ. ಅವಳು ವಾಪಸ್ ಹೋಗಿ ದೋಣಿ ಹತ್ತಿದ್ಲು. ಗಾಳಿ ಎದ್ದಿತ್ತು. ಗೋಪುರದ ಕಿಟಕೀಲಿ ನಿಂತು ನೋಡ್ತಿದ್ದೋರ ಕಣ್ಣ ಮುಂದೇ ಮುಳುಗಿತು.”

“ಹರ್ ಓನ್ ಬ್ರದರ್,” ಎಂದಳು ಅದಿತಿ ಮೆಲ್ಲಗೆ.

“ಅವತ್ತಿಂದ ತಟ್ತಾನೇ ಇದ್ಲು, ಊರಲ್ಲಿ ಒಂದಲ್ಲ ಒಂದು ಮನೆ ಬಾಗಿಲು. ಹುಡುಗೀರು ತಟ್ಟೋ ಸದ್ದು ಬೇರೆ, ಇವಳು ತಟ್ಟೋ ಸದ್ದು ಬೇರೆ, ಕೇಳಿದೋರಿಗೆ ಗೊತ್ತಾಗ್ತಿತ್ತು. ಯಾರೂ ತೆಗೀತಿರಲಿಲ್ಲ. ಆರು ನೂರು ವರ್ಷದಲ್ಲಿ ತೆಗೆದೋಳು ದಾವಣಗೆರೆಯಿಂದ ಬಂದ ಗೊತ್ತಿಲ್ಲದ ಹುಡುಗಿ ನಾನೊಬ್ಬಳೇ.

“ನೊರೀನ್ ಹೇಳಿ ಮುಗಿಸೋಷ್ಟರಲ್ಲಿ ನನಗೆ ಭಯ ಹತ್ತಿತು. ದೆವ್ವ ಅಂತ ಅಲ್ಲ. ನಾನು ಗಂಡ ಸತ್ತೋಳಿಗೆ ಕುಂಕುಮ ಇಟ್ಟಿದ್ದೆ, ಉಡಿ ತುಂಬಿದ್ದೆ. ನಮ್ಮ ಕಡೆ ಮಾಡ್ತಾರಾ ಹಂಗೆ? ನಮ್ಮ ಸೋದರತ್ತೆ ಇಪ್ಪತ್ತಾರಕ್ಕೆ ಗಂಡನ್ನ ಕಳ್ಕೊಂಡೋಳು, ಉಡಿ ತುಂಬೋ ದಿನ ಹಿಂದಿನ ಬಾಗಿಲಿಂದ ಹೋಗಿ ಕೊಟ್ಟಿಗೇಲಿ ಕೂತಿರ್ತಿದ್ಲು. ನಮ್ಮ ಡಾಕ್ಟ್ರಿಗೆ ಏನಾದ್ರೂ ಆದ್ರೆ ಅಂತ ಒಂದು ತಿಂಗಳು ನಿದ್ದೆ ಮಾಡಲಿಲ್ಲ ನಾನು. ಅವರಿಗೆ ಹೇಳಿದ್ರೆ ನಕ್ಕರು, ಊರಿನ ನೆನಪಿಗೆ ನಿನಗೆ ಹಂಗನ್ನಿಸ್ತೈತೆ ಅಂದ್ರು. ಏನೂ ಆಗಲಿಲ್ಲ. ಮುಂದಿನ ವರ್ಷ ಅದೇ ದಿನ ಅದೇ ಹೊತ್ತಿಗೆ ಟಕ್ ಅಂತು. ಹಣೆ ಮೇಲೆ ನಾನಿಟ್ಟ ಕುಂಕುಮ ಹಂಗೇ ಇತ್ತು... ಉಡಿ ತುಂಬಿಸಿಕೊಂಡ ಮಗಳು ತವರಿಗೆ ಬರದೆ ಇರ್ತಾಳಾ? ಅವಾಗ ನನಗೆ ಇಪ್ಪತ್ತೈದು. ಅವಳಿಗೆ ನಲವತ್ತಾರು. ನಾನು ಅವಳಿಗೆ ತಾಯಿ.

“ಕ್ಯಾಹರ್‌ಲೀನ ಬಿಟ್ವಿ. ಕಾರ್ಕ್‌ಗೆ ಬಂದು ಹಾಲಿಹಿಲ್‌ನ ಗುಡ್ಡದ ಮೇಲೆ ಮನೆ ಮಾಡಿದ್ವಿ. ಅಲ್ಲಿಗೆ ಬರಲ್ಲ ಅಂದ್ಕೊಂಡೆ. ಬಂದ್ಲು. ತವರು ಅಂದ್ರೆ ಗೋಡೆನಾ? ತಾಯಿ ಇದ್ದ ಕಡೆ ಅಲ್ವಾ? ನಾನೂ ಕಾಯೋಕೆ ಶುರು ಮಾಡಿದ್ದೆ. ದಾವಣಗೆರೆಗೆ ಎರಡು ವರ್ಷಕ್ಕೊಂದು ಸಲ ಹೋಗ್ತಿದ್ದೆ, ಆಮೇಲೆ ಅವ್ವ ಹೋದ್ಲು, ಅಲ್ಲಿಗೆ ಹೋಗೋದೂ ನಿಂತಿತು. ಇವಳು ಬಂದ ಸಂಜೆ ಮಾತ್ರ ನನಗೆ ಮನೆ ಅನ್ನಿಸ್ತಿತ್ತು. ಬೆಂಕಿ ಮುಂದೆ ಕೂತು ಅವಳು ಅವಳ ಭಾಷೇಲಿ ಏನೋ ಹೇಳೋಳು, ನಾನು ನನ್ನ ಭಾಷೇಲಿ ಮಂಡಿ ಕತೆ, ಅವ್ವನ ಕತೆ. ಇಬ್ಬರಿಗೂ ತಿಳೀತಿರಲಿಲ್ಲ, ಇಬ್ಬರೂ ಹೂಂ ಅಂತಿದ್ವಿ.

“ಒಂದೇ ಒಂದು ವರ್ಷ ತಪ್ಪಿತು. ತೊಂಬತ್ತಾರು. ಪೇಟೇಲಿ ನೀರು ತುಂಬಿ ಬಸ್ಸು ನಿಂತೋಯ್ತು, ನಾನು ನಡ್ಕೊಂಡು ಗುಡ್ಡ ಹತ್ತೋಷ್ಟರಲ್ಲಿ ಕತ್ತಲಾಗಿತ್ತು. ಮನೇಲಿ ನಮ್ಮ ಡಾಕ್ಟ್ರು ಒಬ್ಬರೇ. ಅಲ್ಲೀವರೆಗೂ ಆ ಹೊತ್ತಿಗೆ ಅವರು ಯಾವತ್ತೂ ಮನೇಲಿ ಇರ್ತಿರಲಿಲ್ಲ. ನಾನು ಬಂದು ನೋಡ್ತೀನಿ... ಮೆಟ್ಟಿಲ ಮೇಲೆ ಕೂತಿದಾರೆ, ಬಲಗೈ ಕಂಕುಳಲ್ಲಿ ಇಟ್ಕೊಂಡಿದಾರೆ. ಮೂರು ಸಲ ತಟ್ಟಿದ್ಲಂತೆ. ಇವರು ಬಾಗಿಲ ಗಾಜಲ್ಲಿ ನೋಡಿ, ಚಿಲಕ ತೆಗೀದೆ, ಚಿಲಕದ ಮೇಲೆ ಕೈ ಒತ್ತಿ ಹಿಡಿದು ನಿಂತ್ರಂತೆ. ಆ ಅಣ್ಣ ನಿಂತಂಗೆ. ಹೋದ್ಲಂತೆ. ಆ ಕೈ ಆಮೇಲೆ ಬೆಚ್ಚಗಾಗಲೇ ಇಲ್ಲ ಕಣ್ರವ್ವ. ಕೈ ಆಡ್ತಿತ್ತು, ನೋವಿರಲಿಲ್ಲ, ಆದ್ರೆ ಸಮುದ್ರದ ಕಲ್ಲಿನಂಗೆ ತಣ್ಣಗೆ. ಅಂಥ ಕೈಲಿ ಆಪರೇಷನ್ ಮಾಡ್ತಾರಾ? ಬಿಟ್ರು. ಬರೀ ಔಷಧಿ ಬರೆಯೋ ಡಾಕ್ಟ್ರಾದ್ರು. ನನಗೆ ಒಂದು ದಿನಾನೂ ಒಂದು ಮಾತು ಅನ್ನಲಿಲ್ಲ. ಮುಂದಿನ ವರ್ಷ ಅವರೇ ರಜೆ ಹಾಕಿ ಬಾಗಿಲು ತೆಗೆದು ತಲೆ ತಗ್ಗಿಸಿ ನಿಂತ್ರು. ಅವಳು ಅವರನ್ನ ನೋಡಲಿಲ್ಲ. ಒಳಗೆ ಬಂದ್ಲು, ಅಷ್ಟೇ.

“ಆಮೇಲೆ ಈ ಲೂಕನ್‌ಗೆ ಬಂದ್ವಿ, ಇಲ್ಲಿಗೂ ಬಂದ್ಲು. ಒಂಬತ್ತು ವರ್ಷದ ಹಿಂದೆ ಅವರೂ ಹೋದ್ರು. ನಿಮ್ಮ ಗೌರಿ ಪೂಜೆಗೆ ಕರೆದ್ರಿ, ಬಂದೆ. ಯಾರ ಮೇಲೂ ದೂರಲ್ಲ ರತ್ನಾ, ನಿಮಗೂ ಯಾರೋ ಹೇಳಿಕೊಟ್ಟಿದ್ದೇ. ಕುಂಕುಮದ ತಟ್ಟೆ ಒಬ್ಬೊಬ್ಬರ ಮುಂದೆ ಬಂತು, ನನ್ನ ಹತ್ರ ಬಂದಾಗ ರೌಂಡ್‌ಅಬೌಟ್‌ನಲ್ಲಿ ಕಾರು ತಿರುಗಿದಂಗೆ ಸುತ್ತಿ ಆಚೆ ಹೋಯ್ತು.”

ರತ್ನಕ್ಕ ನೆಲ ನೋಡಿದರು. ಆ ಪೂಜೆಯಲ್ಲಿ ತಟ್ಟೆ ಹಿಡಿದಿದ್ದವರು ಅವರೇ ಇರಬೇಕು.

“ಆ ಜನವರೀಲಿ ನಾನು ಏನೂ ಜೋಡಿಸಲಿಲ್ಲ. ಇನ್ನು ನಾನ್ಯಾಕೆ, ನನ್ನ ಕೈ ಆಗಲ್ಲ ಅಂದ್ಕೊಂಡೆ. ತಟ್ಟಿದ್ಲು. ಬಾಗಿಲು ತೆಗೆದು ಕನ್ನಡದಲ್ಲೇ ಹೇಳಿದೆ, ‘ಬಾರವ್ವ, ಕೂತು ಹೋಗು, ಉಡಿ ಮಾತ್ರ ನನ್ನ ಕೇಳಬ್ಯಾಡ, ನನ್ನ ಗಂಡ ಹೋದ್ರು.’ ಅವಳು ನನ್ನ ಬರಿ ಹಣೆ ನೋಡಿದ್ಲು. ನೋಡಿ, ನೆಟ್ಟಗೆ ಅಡುಗೆ ಮನೆಗೆ ಹೋದ್ಲು. ಡಬ್ಬಿ ಮುಚ್ಚಳ ತೆಗೆದ ಸದ್ದು ಕೇಳಿಸ್ತು. ಎರಡೂ ಕೈಲಿ ಬೊಗಸೆ ತುಂಬ್ಕೊಂಡು ಬಂದು ನನ್ನ ಮುಂದೆ ನಿಂತ್ಲು. ನಾನು ಸೆರಗು ಹಿಡಿದೆ... ಏನು ಮಾಡಲಿ, ಕೈ ತಾನೇ ಹಿಡೀತು. ಐದು ಸಲ ಹೋದ್ಲು, ಐದು ಸಲ ಬಂದ್ಲು. ಅಕ್ಕಿ ಎಲ್ಲ ನೆಂದಿತ್ತು. ಮಾರನೇ ದಿನ ಅದನ್ನೇ ಅನ್ನ ಮಾಡಿ ಉಂಡೆ. ಉಪ್ಪು ಹಾಕೋದು ಬೇಕಾಗಲಿಲ್ಲ.

“ಆವತ್ತಿಂದ ನಾನೂ ತುಂಬ್ತೀನಿ, ಅವಳೂ ತುಂಬ್ತಾಳೆ. ಗಂಡ ಇದ್ದಾರೋ ಇಲ್ವೋ ನಾವಿಬ್ಬರೂ ಕೇಳಲ್ಲ.”

ಗಾಜಿನಾಚೆ ಬೀದಿ ಕಪ್ಪಾಗುತ್ತಿತ್ತು. ದ್ರಾಕ್ಷಾಯಿಣಮ್ಮ ಎಡಗೈಯಿಂದ ತಟ್ಟೆಯನ್ನು ನಮ್ಮ ಕಡೆಗೆ ಇಷ್ಟೇ ದೂಡಿದರು.

“ಈಗ ಹೇಳಿ. ಬಲವಂತ ಇಲ್ಲ. ಒಂದು ಸಲ ತುಂಬಿದ್ರೆ ಮುಗೀತು, ಆಮೇಲೆ ನೀವಿದ್ದ ಕಡೆ ಅವಳ ತವರು. ಬೆಂಗಳೂರಿಗೆ ಹೋದ್ರೂ, ಎಲ್ಲಿಗೆ ಹೋದ್ರೂ. ವರ್ಷಕ್ಕೊಂದು ಸಂಜೆ ಬಾಗಿಲು ತೆಗೀಲೇಬೇಕು. ಗಂಡ ಬೇಡ ಅಂದ್ರೂ ತೆಗೀಬೇಕು, ಮಕ್ಕಳು ಹೆದರಿದ್ರೂ ತೆಗೀಬೇಕು. ತೆಗೀದಿದ್ರೆ ಏನಾಗುತ್ತೆ ಹೇಳಿದೀನಿ. ಯಾರೂ ಒಪ್ಪದಿದ್ರೆ... ನಾನು ಒಂದು ಕೈಲೇ ತೆಗೀತೀನಿ, ಬರಿ ಉಡೀಲಿ ಕಳಿಸ್ತೀನಿ. ಮುಂದಿನ ವರ್ಷ ನಾನಿರಲ್ಲ ಅಂತ ಆಸ್ಪತ್ರೆ ಡಾಕ್ಟ್ರು ಬಾಯಿ ಬಿಟ್ಟು ಹೇಳಿಲ್ಲ, ನನಗೆ ಗೊತ್ತೈತೆ. ಅವಳು ಮತ್ತೆ ಬೀದಿ ಪಾಲು.”

“ಐ'ಲ್ ಡೂ ಇಟ್. ಇಟ್'ಲ್ ಬಿ ಗ್ರ್ಯಾಂಡ್,” ಎಂದಳು ಅದಿತಿ.

“ನೀನು ಸುಮ್ಮನಿರು.” ರತ್ನಕ್ಕನ ದನಿ ಗಟ್ಟಿಯಾಗಿತ್ತು. ಆಮೇಲೆ ಮೆತ್ತಗಾಗಿ, “ಅಮ್ಮ, ತಪ್ಪು ತಿಳ್ಕೋಬೇಡಿ. ಮನೇಲಿ ಇವಳಿದಾಳೆ, ಇವಳಪ್ಪನಿಗೆ ಕೈಯೇ ಅನ್ನ. ನನ್ನ ಕೈಲಿ ಆಗಲ್ಲ,” ಎಂದರು. ಕಣ್ಣು ಒರೆಸಿಕೊಂಡರು.

“ತಪ್ಪಿಲ್ಲ ಕಣವ್ವ,” ಎಂದರು ದ್ರಾಕ್ಷಾಯಿಣಮ್ಮ. ಆಮೇಲೆ ಅದಿತಿಗೆ, “ಮಗು, ನೀನು ಇನ್ನೂ ಮಗಳು. ತಾಯಿ ಆಗೋಕೆ ಟೈಮೈತೆ.”

ಯಾರೂ ನನ್ನನ್ನು ನೋಡಲಿಲ್ಲ. ಬಸಲಿಂಗಜ್ಜಿ ತೀರಿಕೊಂಡಾಗ ನನ್ನ ಇಲ್ಲಿನ ವಾಸದ ಕಾರ್ಡು ನವೀಕರಣಕ್ಕೆ ಹೋಗಿತ್ತು. ಅದು ಕೈಗೆ ಬರುವವರೆಗೆ ಹೋದರೆ ತಿರುಗಿ ಬರಲಾಗದೆಂದು ಹೆದರಿ ಹೋಗಲಿಲ್ಲ. ಅಜ್ಜಿಯನ್ನು ಬಾಗಿಲು ದಾಟಿಸಿದ್ದನ್ನು ಫೋನಿನಲ್ಲಿ ನೋಡಿದೆ, ನಡುವೆ ಎರಡು ಸಲ ಚಿತ್ರ ನಿಂತುಹೋಯಿತು. ಕಾರ್ಡು ಬಂದ ಮೇಲೂ ಹೋಗಿಲ್ಲ. ಅಜ್ಜಿಯಿಲ್ಲದ ಆ ಮನೆಯಲ್ಲಿ ‘ಯಾವಾಗ ಬಂದೆ’ ಎಂದು ಕೇಳುವವರಿಲ್ಲ. ಹಾಗೆ ಕೇಳುವವಳೊಬ್ಬಳು ಎಲ್ಲಾದರೂ ಒಂದು ಕಡೆ ಇರಬೇಕು ಎಂದು ಆ ಕ್ಷಣ ಅನ್ನಿಸಿತು. ಅದು ನಾನೇ ಆದರೂ ಸರಿ.

“ನನಗೆ ಮದುವೆ ಆಗಿಲ್ಲ ಅಮ್ಮ. ನಡೆಯುತ್ತಾ?”

“ಅವಳು ಅದನ್ನೆಲ್ಲ ಬಿಟ್ಟು ಬಹಳ ವರ್ಷ ಆಯ್ತು.”

“ಸರಿ. ನಾನು ತುಂಬ್ತೀನಿ.”

“ಯೋಚನೆ ಮಾಡಿದೀಯಾ?”

“ಹೂಂ.”

“ಇನ್ನೊಂದು ಸಲ ಮಾಡು.”

“ಮಾಡಿದೆ ಅಮ್ಮ.”

ಅವರ ಮುಖ ಸಡಿಲವಾಯಿತು. ಆಗಲೇ ಕರೆಂಟು ಬಂತು. ತಲೆಯ ಮೇಲಿನ ದೀಪ, ಫ್ರಿಜ್ಜಿನ ಗುರುಗುರು, ಮೂಲೆಯ ಟಿವಿಯ ಕೆಂಪು ಚುಕ್ಕೆ ಎಲ್ಲ ಒಟ್ಟಿಗೇ. ಬೆಳಕಿನಲ್ಲಿ ನಾವು ಒಬ್ಬರನ್ನೊಬ್ಬರು ನೋಡಿ ಸ್ವಲ್ಪ ನಾಚಿದೆವು. ರತ್ನಕ್ಕ ಎದ್ದು ಜಾಕೆಟ್ ಹುಡುಕುತ್ತಾ, “ಕತೆ ಚೆನ್ನಾಗಿತ್ತಮ್ಮ, ಹೊರಡ್ತೀವಿ, ಗಾಳಿನೂ ಕಮ್ಮಿ ಆದಂಗಿದೆ. ಐದೂ ಕಾಲಾಯ್ತು, ಯಾರೂ ಬರಲಿಲ್ಲ ನೋಡಿ,” ಎಂದರು. ನಗಲು ನೋಡಿದರು.

ದ್ರಾಕ್ಷಾಯಿಣಮ್ಮ ಬೆಂಕಿಯನ್ನೇ ನೋಡುತ್ತಿದ್ದರು.

“ಕೂತ್ಕಳಿ ರತ್ನಾ, ಆ ಬಾಗಿಲಲ್ಲಿ ಈಗ ಹೋಗಬ್ಯಾಡಿ. ಅವಳು ಬಂದು ಅರ್ಧ ಗಂಟೆ ಆಯ್ತು. ತನ್ನ ಕತೆ ಹೇಳೋವಾಗ ಅವಳು ತಟ್ಟಲ್ಲ... ಹೊರಗೇ ನಿಂತು ಪೂರ್ತಿ ಕೇಳಿಸ್ಕೊಳ್ತಾಳೆ. ತನ್ನ ಮಾತು ತವರಲ್ಲಿ ಇನ್ನೂ ಆಡ್ತಾರಾ ಅಂತ ಕೇಳೋಕೆ ಯಾವ ಮಗಳಿಗೆ ಆಸೆ ಇರಲ್ಲ ಹೇಳಿ? ಈಗ ಮುಗೀತಲ್ಲ.”

ಅವರು ನನ್ನ ಕಡೆ ತಿರುಗಿದರು.

“ಹೋಗು ಮಗಳೆ, ಕೈ ತೊಳ್ಕೊಂಡು ಬಾ.”